ಸಾಯಲೊಪ್ಪದ ಮಠಾಧಿಪತಿ

ನನ್ನ ಬಾಪ್ಪು, ಅಂದರೆ ಅಪ್ಪನ ತಮ್ಮ, ಗಲ್ಫಿನ ಸತ್ವಾ ಎಂಬ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕುಳಿತು ಹನ್ನೊಂದು ವರ್ಷಗಳಿಂದ ಒಬ್ಬ ಪಾದ್ರಿಯನ್ನು ಸಾಯಿಸಲು ಹೆಣಗುತ್ತಿದ್ದಾರೆ. ಪೊಲೀಸರು ಗಾಬರಿಯಾಗಬೇಕಿಲ್ಲ. ಪಾದ್ರಿ ತೀರಿಕೊಂಡು ನಾನೂರು ವರ್ಷವಾಗಿದೆ. ಯುರೋಪಿನ ಯಾವುದೋ ಬೆಟ್ಟದ ಮಠಕ್ಕೆ ಅಧಿಪತಿಯಾಗಿದ್ದ ಆ ಮಹನೀಯರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಭಾರವನ್ನು, ಹೋಟೆಲೊಂದರ ಲಾಂಡ್ರಿ ಸೂಪರ್‌ವೈಸರ್ ಆದ ಬಾಪ್ಪು ಯಾರೂ ಹೊರಿಸದೆಯೇ ಹೊತ್ತಿದ್ದಾರೆ. ಒಂದೇ ಅಧ್ಯಾಯ ಬಾಕಿ. ಅದರಲ್ಲಿ ಅವರು ಸಾಯಬೇಕು. ಸಾಯುತ್ತಿಲ್ಲ!

ಮಠಾಧಿಪತಿಗಳು ಒಂದೆಡೆ ಕೂರುವವರಲ್ಲ. ಮೀನಿನ ಕೊಳಕ್ಕಾಗಿ ಪಕ್ಕದ ಊರಿನ ಮೇಲೆ ದಾವೆ ಹೂಡಿ, ಅದು ಮುಗಿಯುವ ಮೊದಲೇ ಹೇಸರಗತ್ತೆ ಏರಿ ರೋಮಿಗೆ ಹೊರಟವರು. ಅವರು ಹೊರಟರೆ ಬಾಪ್ಪುವಿಗೂ ಕೂರಲಾಗದು. ಒಮ್ಮೆ ಅದೇ ಶಹರದ ಇನ್ನೊಂದು ತುದಿಗಿರುವ ಮಿರ್ದಿಫಿನ ನಮ್ಮ ಮನೆಗೆ ಊಟಕ್ಕೆ ಬಂದವರು, ಅನ್ನಕ್ಕೆ ಸಾರು ಬೀಳುತ್ತಲೇ ಎದ್ದರು.

"ಅವರು ಹಿಮದಲ್ಲಿ ಸಿಕ್ಕಿಬಿದ್ದಿದ್ದಾರೆ ಮಾರಾಯ. ನಾನಿಲ್ಲಿ ಉಣ್ಣುವುದು ಹೇಗೆ?"

ಹೊರಗೆ ನಲವತ್ತಾರು ಡಿಗ್ರಿ. ಬಸ್ಸು ಹಿಡಿದು ಹೋಗಿಯೇಬಿಟ್ಟರು.

ಈ ಚರಿತ್ರೆಗಿರುವ ಏಕೈಕ ಶ್ರೋತೃ, ಅದೇ ಕೋಣೆಯಲ್ಲಿರುವ ಉಡುಪಿಯ ಟೈಲರಣ್ಣ. ಊರಿನಲ್ಲಿ ಕೃಷ್ಣನ ಪೂಜೆಯ ಅಧಿಕಾರ ಎರಡೆರಡು ವರ್ಷಕ್ಕೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯವನ್ನು ನೋಡಿಯೇ ಬೆಳೆದವರು. ಊರಿನ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಬಾಪ್ಪು ಅವರಿಗೆ 'ಪೊರ್ಬುಗಳು'.

"ಪೊರ್ಬುಗಳೇ, ಇವರ ಪರ್ಯಾಯ ಮುಗೀಲಿಲ್ವಾ? ಎರಡು ವರ್ಷ ಯಾವಾಗಲೋ ಆಯ್ತಲ್ಲ."

"ಪರ್ಯಾಯ ಗಿರ್ಯಾಯ ಇಲ್ಲ ಟೈಲರೇ. ಸಾಯುವ ತನಕ ಅವರೇ."

"ಊರಿಗೆ ಹೋಗ್ಲಿಕ್ಕೆ ರಜೆ?"

"ಮಾಫಿ. ಇಲ್ಲವೇ ಇಲ್ಲ."

"ಛೆ, ಪಾಪ," ಎಂದರು ಟೈಲರಣ್ಣ, ಸೂಜಿಗೆ ನೂಲು ಪೋಣಿಸುತ್ತ. "ನಮ್ಮ ಅರ್ಬಾಬೇ ಅಡ್ಡಿಯಿಲ್ಲ."

ಕಳೆದ ತಿಂಗಳು ಆ ಅರ್ಬಾಬ್, ಅಂದರೆ ಟೈಲರಣ್ಣನ ಧಣಿ, ಅಂಗಡಿ ಮುಚ್ಚಿದ. ಟೈಲರಣ್ಣನ ವೀಸಾ ಕ್ಯಾನ್ಸಲ್ ಆಯಿತು. ಮೂವತ್ತು ವರ್ಷಗಳ ಬಳಿಕ, ಶನಿವಾರ, ಮಂಗಳೂರಿಗೆ ಮೂರೂವರೆ ಗಂಟೆಯ ಹಾರಾಟ. ಹಿಂತಿರುಗುವ ಟಿಕೆಟ್ ಇಲ್ಲ.

"ಊರಲ್ಲಿ ಹೋಗಿ ನಾನು ಎಂತ ಮಾಡುದು ಪೊರ್ಬುಗಳೇ, ನನಗೇ ಗೊತ್ತಿಲ್ಲ. ಅದಿರಲಿ, ನಿಮ್ಮವರನ್ನು ಶುಕ್ರವಾರದೊಳಗೆ ಸಾಯಿಸಿ. ಕಡೆ ಕೇಳದೆ ಹೋದ್ರೆ ನನಗೆ ಅಲ್ಲಿ ಸಮಾಧಾನ ಇರ್ಲಿಕ್ಕಿಲ್ಲ."

ಶುಕ್ರವಾರ ಮಧ್ಯಾಹ್ನ ಆ ಪುಣ್ಯಕಾರ್ಯಕ್ಕೆ ನಾನೂ ಹಾಜರಾದೆ. ಹಗ್ಗ ಬಿಗಿದ ಪೆಟ್ಟಿಗೆಯ ಮೇಲೆ ಟೈಲರಣ್ಣ ಕುಳಿತಿದ್ದರು. ಬಾಪ್ಪು ಓದತೊಡಗಿದರು. ಮಠಾಧಿಪತಿಗಳು ಹಾಸಿಗೆ ಹಿಡಿದರು. ಸನ್ಯಾಸಿಗಳು ಮೇಣದಬತ್ತಿ ಹಚ್ಚಿದರು. ಬಾಪ್ಪು ಎದ್ದು ಎಸಿ ಕಡಿಮೆ ಮಾಡಿದರು. ಮಠಾಧಿಪತಿಗಳು ಗಂಜಿ ಕೇಳಿದರು. ಬಾಪ್ಪು ಮತ್ತೆ ಎದ್ದು ಎಸಿ ಜಾಸ್ತಿ ಮಾಡಿದರು.

"ಯಲ್ಲಾ, ಬೇಗ ಬೇಗ ಮುಗಿಸಿ ಬಾಪ್ಪು," ಎಂದೆ.

ಅವರು ಟೈಲರಣ್ಣನ ಮುಖ ನೋಡಿದರು. ಆಮೇಲೆ ಹಾಳೆಗಳನ್ನು ಮಡಚಿಟ್ಟು ಬಾಯಿಂದಲೇ ಹೇಳಿದರು:

"ಆಗ ಮಠಾಧಿಪತಿಗಳು ಎದ್ದು ಕುಳಿತು, ಬೀಗದ ಕೈಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ, 'ನನ್ನ ಪರ್ಯಾಯ ಮುಗಿಯಿತು' ಎಂದು ಹೇಸರಗತ್ತೆ ಏರಿದರು."

"ಸಾಯ್ಲಿಲ್ವಾ?"

"ಇಲ್ಲ. ಊರಿಗೆ ಹೋದರು."

"ಊರಲ್ಲಿ ಅವರಿಗೆ ಎಂತ ಕೆಲಸ?"

"ಏನೂ ಇಲ್ಲ. ಕೆರೆದಂಡೆಯಲ್ಲಿ ಕುಳಿತರು. ಯಾರೂ ಏಳಿ ಅನ್ನಲಿಲ್ಲ."

ಚರಿತ್ರೆಯ ಪ್ರಕಾರ ಆ ಮಹನೀಯರು ಮಠದ ಕುರ್ಚಿಯಲ್ಲೇ ತೀರಿಕೊಂಡವರು. ಒಂದು ತಾರೀಖು ತಪ್ಪಿದರೂ ಊಟ ಬಿಡುವ ಬಾಪ್ಪುವಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಟೈಲರಣ್ಣ ಪೆಟ್ಟಿಗೆಯ ಹಗ್ಗವನ್ನು ಸವರುತ್ತ ಕೇಳಿದರು: "ಹೇಸರಗತ್ತೆಯಲ್ಲಿ ಊರಿಗೆ ಎಷ್ಟು ಹೊತ್ತು?"

"ಮೂರೂವರೆ ಗಂಟೆ," ಎಂದರು ಬಾಪ್ಪು.