ಲಗ್ನಪತ್ರಿಕೆಯ ಪಿಡಿಎಫ್‌ಗೆ ಹತ್ತಕ್ಕೆ ಮೂರು

ದಿನಾಂಕ: 2004ರ ಮಾರ್ಚ್ ತಿಂಗಳ ಮೂರನೆಯ ಶನಿವಾರ. ವೇಳೆ: ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ: ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು, ನನ್ನ ಪತಿ ರುದ್ರಪ್ಪನವರು, ಮದುವೆ ನಿಶ್ಚಯವಾಗಿದ್ದ ಮಗಳು ಶೈಲಾ, ಮತ್ತು ಅವಳು ಕೊಂಡು ತಂದಿದ್ದ ಕಂಪ್ಯೂಟರು. ಈ ನಾಲ್ವರಲ್ಲಿ ನನಗೆ ಪೂರ್ತಿ ನಂಬಿಕೆ ಇದ್ದದ್ದು ಒಬ್ಬರ ಮೇಲೆ ಮಾತ್ರ. ಅದು ನಾನು!

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ಕೊನೆಯ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿ. ಪ್ರಶ್ನೆಪತ್ರಿಕೆಯ ಕರಡು ನನ್ನ ಮೇಜಿಗೆ ಬಂದರೆ ಅಲ್ಪವಿರಾಮವೂ ಬೆದರುತ್ತಿತ್ತು. ಅಂಥವಳಿಗೆ ಒಂದು ಲಗ್ನಪತ್ರಿಕೆಯ ಕರಡು ನೋಡುವುದು ಯಾವ ಮಹಾ ಕೆಲಸ?

ಎರಡೂ ಕಡೆಯವರು ಸೇರಿ ಒಂದೇ ಲಗ್ನಪತ್ರಿಕೆ ಹಾಕಿಸುವುದೆಂದು ಮಾತಾಗಿತ್ತು. ಬೀಗರಾದ ಈರಣ್ಣನವರು ಹುಬ್ಬಳ್ಳಿ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಾರೆ. ಸುದ್ದಗುಂಟೆಪಾಳ್ಯದಲ್ಲಿ ಅವರಿಗೆ ಗೊತ್ತಿದ್ದ ಪ್ರೆಸ್ಸಿಗೆ ಕೆಲಸ ಒಪ್ಪಿಸಿದ್ದರು. ಸಂಜೆ ಐದರೊಳಗೆ ನಮ್ಮ ಒಪ್ಪಿಗೆ ಹೋಗಬೇಕು. ತಪ್ಪಿದರೆ ಪ್ರೆಸ್ಸಿನ ಯಂತ್ರ ಚುನಾವಣೆಯ ಕರಪತ್ರಗಳ ಪಾಲು. ಆಮೇಲೆ ನಮ್ಮ ಪತ್ರಿಕೆ ಅಚ್ಚಾಗುವ ಹೊತ್ತಿಗೆ ಮದುವೆಯೇ ಮುಗಿದು ಹೋಗಿರುತ್ತದೆ.

ಶೈಲಾ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ಹೊರಟಿದ್ದಳು. ಫೋನಿನ ತಂತಿ ಕಂಪ್ಯೂಟರಿಗೆ ಸಿಕ್ಕಿಸಿ, ಅದು ಕಿರುಚಾಡಿ ಇಂಟರ್ನೆಟ್ಟು ಹಿಡಿದ ಮೇಲೆ, ಕರಡು ತೆರೆದು ತೋರಿಸಿದಳು.

"ಅಮ್ಮ, ಪಿಡಿಎಫ್ ಕಳ್ಸಿದಾರೆ. ಪೂರ್ತಿ ನೋಡು. ಸರಿ ಇದ್ರೆ 'ಸರಿ' ಅಂತ ಒಂದು ಮೇಲ್ ಹಾಕು. ಬೇರೆ ಏನೂ ಮಾಡ್ಬೇಡ."

"ಬೇರೆ ಏನು ಮಾಡ್ತೀನಿ ನಾನು?"

ಅವಳು ಅಪ್ಪನ ಮುಖ ನೋಡಿ ಹೊರಟುಹೋದಳು. ಆ ನೋಟವೂ ನನಗೆ ಸರಿಬರಲಿಲ್ಲ.

ಕನ್ನಡಕ ಹಾಕಿಕೊಂಡು ಕುಳಿತೆ. ಮೊದಲಿಗೆ ವರನ ಅಜ್ಜಿ ನೀಲವ್ವನ ಹೆಸರು. ಆಮೇಲೆ ವರನ ತಂದೆ, ತಾಯಿ, ದೊಡ್ಡಪ್ಪ, ಸೋದರತ್ತೆ, ಕಾಕಾ, ಮಾಮಾ. ಒಟ್ಟು ಹದಿನಾಲ್ಕು ಹೆಸರು! ನಮ್ಮ ಕಡೆಯದು? 'ಗಿರಿಜಮ್ಮ ಮತ್ತು ರುದ್ರಪ್ಪನವರ ಪುತ್ರಿ' ಎಂದು ಒಂದೇ ಸಾಲು. ನಮ್ಮಣ್ಣ ಸಿದ್ಧಲಿಂಗಪ್ಪನ ಹೆಸರು ಎಲ್ಲಿಯೂ ಇಲ್ಲ. ನಮ್ಮಣ್ಣ ಊಟದ ಎಲೆಯ ಮೇಲೆ ಉಪ್ಪು ತಡವಾಗಿ ಬಂದದ್ದಕ್ಕೆ ನಾಲ್ಕು ವರ್ಷ ಒಂದು ಮನೆಯ ಮೆಟ್ಟಿಲು ಹತ್ತದವನು.

ಇರಲಿ, ಬಿಟ್ಟದ್ದನ್ನು ನಾನೇ ಸೇರಿಸೋಣವೆಂದು ಕೀಲಿ ಒತ್ತಿದೆ. ಅಕ್ಷರ ಮೂಡಲಿಲ್ಲ. ಅಳಿಸಲು ನೋಡಿದೆ. ಅಳಿಯಲಿಲ್ಲ. ಆಗ ಗಮನಿಸಿದೆ: ಪರದೆಯ ಮೇಲೆ ಎಂದಿನ ಬಾಣ ಇರಲಿಲ್ಲ. ಬದಲಿಗೆ ಒಂದು ಪುಟ್ಟ ಬಿಳಿಯ ಕೈ. ಅಂಗೈ ತೋರಿಸಿ 'ನಿಲ್ಲು' ಎನ್ನುವ ಟ್ರಾಫಿಕ್ ಪೊಲೀಸರ ಕೈ! ಮೌಸಿನ ಗುಂಡಿ ಒತ್ತಿದೆ. ಕೈ ಮುಷ್ಟಿ ಕಟ್ಟಿತು!

"ರೀ, ಬನ್ನಿ ಇಲ್ಲಿ. ಬೀಗರು ನಮಗೆ ಮುಷ್ಟಿ ತೋರಿಸ್ತಿದಾರೆ."

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಅದು ಓದೋಕೆ ಕೊಟ್ಟಿರೋದು ಗಿರಿಜಾ. ಓದು."

"ಓದೋಕೆ ಮಾತ್ರ ಯಾಕೆ ಕೊಡ್ಬೇಕು? ತಿದ್ದಬಾರದು ಅಂತ ತಾನೆ? ಇದರಲ್ಲಿ ಏನೋ ಇದೆ."

"ಇರೋದು ನಿನ್ನ ತಲೇಲಿ."

ಪರದೆಯ ಕೆಳಗೆ 'ಎರಡರಲ್ಲಿ ಒಂದು' ಎಂಬರ್ಥದ ಅಂಕಿಗಳಿದ್ದವು. ಅದು ಮಾತ್ರ ನನಗೆ ಮೆಚ್ಚುಗೆಯಾಯಿತು. ನಮ್ಮ ಶಾಲೆಯಲ್ಲೂ ಯಾವ ಕಾಗದವೂ ಒಂಟಿಯಾಗಿ ಹೊರಡುತ್ತಿರಲಿಲ್ಲ. ಒಂದು ಕಳಿಸುವುದಕ್ಕೆ, ಇನ್ನೊಂದು ಕಚೇರಿ ಪ್ರತಿ. ಎರಡನೆಯದನ್ನು ಬಿಡಿಸಿ ನೋಡುವ ಪದ್ಧತಿಯೇ ಇರಲಿಲ್ಲ. ಪ್ರೆಸ್ಸಿನವರಿಗೆ ಅಷ್ಟಾದರೂ ಶಿಸ್ತಿದೆ ಎಂದುಕೊಂಡೆ.

ನನ್ನ ಅನುಮಾನಕ್ಕೆ ಸಾಕ್ಷಿ ಬೇಕಿತ್ತು. ಒಂದು ಫೈಲಿನಿಂದ ನಕಲು ಮಾಡಿ ಇನ್ನೊಂದರಲ್ಲಿ ಅಂಟಿಸುವ ವಿದ್ಯೆಯನ್ನು ಶೈಲಾ ಕಲಿಸಿದ್ದಳು. ಬೀಗರ ಹದಿನಾಲ್ಕು ಹೆಸರನ್ನೂ ನಕಲು ಮಾಡಿ ಖಾಲಿ ಹಾಳೆಯಲ್ಲಿ ಅಂಟಿಸಿದೆ. 'ಶ್ರೀ' ಇರಬೇಕಾದ ಕಡೆ ಮೇಲಕ್ಕೆ ಹಾರಿ ಕುಳಿತ ಪುಟ್ಟ ಎರಡರ ಅಂಕಿ. ಅದರ ಪಕ್ಕ ಎರಡು ಇಂಗ್ಲಿಷ್ ಅಕ್ಷರ ಬೆನ್ನಿಗೆ ಬೆನ್ನು ಅಂಟಿಸಿಕೊಂಡ ಒಂದು ಜಂತು. ಅದರ ಮುಂದೆ ತಲೆಯ ಮೇಲೆ ಹಾವು ಹೊತ್ತ ಇನ್ನೊಂದು ಅಕ್ಷರ. ಕನ್ನಡ ಒಂದು ಚೂರೂ ಇಲ್ಲ.

"ಗುಪ್ತ ಲಿಪಿ!" ಎಂದೆ.

"ಪೊಲೀಸಿಗೆ ಹೇಳೋಣ್ವಾ?" ಎಂದರು ನಮ್ಮವರು, ಪುಟ ತಿರುಗಿಸುತ್ತಾ.

ಫೈಲನ್ನು ಫ್ಲಾಪಿಗೆ ಹಾಕಿಕೊಂಡು ನೇರವಾಗಿ ಬಸ್ ನಿಲ್ದಾಣದ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋದೆ. ಅದನ್ನು ನಡೆಸುವ ಮಂಜುಳಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಎರಡು ಮಕ್ಕಳ ತಾಯಿ. ನನ್ನನ್ನು ಕಂಡರೆ ಇಂದಿಗೂ ಎದ್ದು ನಿಲ್ಲುತ್ತಾಳೆ.

"ಗುಪ್ತ ಲಿಪಿ ಅಲ್ಲ ಮಿಸ್," ಎಂದಳು. "ಅವರು ಬರೆದಿರೋ ಕನ್ನಡ ಫಾಂಟು ನಿಮ್ಮ ಕಂಪ್ಯೂಟರಲ್ಲಿ ಇಲ್ಲ. ಪಿಡಿಎಫ್ ಒಳಗಡೆ ಫಾಂಟು ಸೇರ್ಸಿರ್ತಾರೆ, ಅದಕ್ಕೇ ಅದರಲ್ಲಿ ಚೆನ್ನಾಗಿ ಕಾಣ್ಸುತ್ತೆ. ಕಿತ್ತು ಹೊರಗೆ ಹಾಕಿದ್ರೆ ಹೀಗಾಗುತ್ತೆ."

"ತಿದ್ದೋಕೆ ಯಾಕೆ ಬಿಡಲ್ಲ?"

"ಲ್ಯಾಮಿನೇಟ್ ಮಾಡ್ಸಿದ ಮಾರ್ಕ್ಸ್ ಕಾರ್ಡ್ ಇದ್ದಂಗೆ ಮಿಸ್. ಯಾರು ತೆಗೆದು ನೋಡಿದ್ರೂ ಒಂದೇ ಥರ ಕಾಣ್ಬೇಕು ಅಂತ. ತಿದ್ದಬೇಕು ಅಂದ್ರೆ ಒರಿಜಿನಲ್ ಫೈಲ್ ಬೇಕು. ಅದು ಪ್ರೆಸ್ಸಲ್ಲಿರುತ್ತೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಪಾಠದಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ: ಮೂಲ ಅವರ ಕೈಯಲ್ಲಿದೆ! ಅಂದರೆ ಅವರು ಬೇಕಾದ್ದು ಬರೆಯಬಹುದು, ನಾವು ಬರೀ ನೋಡಬೇಕು. ಸಂಚು ರುಜುವಾತಾಯಿತು.

"ಮುದ್ರಿಸು," ಎಂದೆ.

"ಎರಡೂ ತೆಗೀಲಾ ಮಿಸ್?"

"ಒಂದು ಸಾಕು. ಎರಡನೆಯದು ದುಂದು ವೆಚ್ಚ."

ಮಂಜುಳಾ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮುಚ್ಚಿದಳು. ಪ್ರಶ್ನೆ ಕೇಳದ ಹಾಗೆ ಮಕ್ಕಳನ್ನು ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಕರಣವನ್ನು ಶಿಕ್ಷಕರ ತರಬೇತಿಯಲ್ಲಿ ಬಳಸಬಹುದು.

ಕೈಚೀಲದಿಂದ ಕೆಂಪು ಪೆನ್ನು ತೆಗೆದೆ. ಮೊದಲು ನೀಲವ್ವ ಎಂಬುದನ್ನು ಹೊಡೆದು ಶಿಷ್ಟವಾಗಿ ನೀಲಮ್ಮ ಮಾಡಿದೆ. ಹದಿನಾಲ್ಕು ಹೆಸರುಗಳ ಪಕ್ಕ 'ಅನಗತ್ಯ ವಿಸ್ತಾರ' ಎಂದೆ. ಕೆಳಗೆ 'ಕನ್ಯಾ ಪಕ್ಷದ ಹಿರಿಯರನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಯಾರೂ ತಿದ್ದಲಾಗದಂಥ ಫೈಲನ್ನು ಕಳಿಸಿರುವುದು ಸಂಶಯಾಸ್ಪದ. ಸರಿಪಡಿಸುವ ತನಕ ಮುದ್ರಣ ನಿಲ್ಲಿಸತಕ್ಕದ್ದು' ಎಂದು ಬರೆದೆ. ಕೈ ಅಭ್ಯಾಸಬಲದಿಂದ ಮೇಲಿನ ಮೂಲೆಗೆ ಹೋಯಿತು. ಹತ್ತಕ್ಕೆ ಮೂರು ಎಂದು ಬರೆದು ಸುತ್ತ ವೃತ್ತ ಎಳೆಯಿತು. ಸಹಿಯನ್ನೂ ಹಾಕಿತು.

ಮಂಜುಳಾ ಅದನ್ನು ಸ್ಕ್ಯಾನ್ ಮಾಡಿದಳು. "ಇದನ್ನೂ ಪಿಡಿಎಫ್ ಮಾಡ್ಲಾ ಮಿಸ್? ಆಗ ಅವರೂ ಸುಲಭವಾಗಿ ತಿದ್ದೋಕಾಗಲ್ಲ. ನೀವು ಬರೆದಿದ್ದು ಬರೆದಂಗೇ ಇರುತ್ತೆ."

ಆ ಕ್ಷಣದಲ್ಲಿ ಮಾತ್ರ ಪಿಡಿಎಫ್ ಮೇಲೆ ನನಗೆ ಪ್ರೀತಿ ಉಕ್ಕಿತು. "ಮಾಡು! ಅವರು ಕರಡನ್ನು ಯಾರ್ಯಾರಿಗೆ ಕಳಿಸಿದಾರೋ ಅವರಿಗೆಲ್ಲಾ ಒಂದೊಂದು ಪ್ರತಿ ಹೋಗಲಿ. ಸುತ್ತೋಲೆ ಅಂದ್ರೆ ಹಾಗೇ."

ಅಲ್ಲೇ ನಮ್ಮ ಮೇಲ್ ತೆರೆಸಿ ನೋಡಿದರೆ ಹನ್ನೊಂದು ವಿಳಾಸಗಳಿದ್ದವು. ಹನ್ನೊಂದಕ್ಕೂ ಹೋಯಿತು.

ಮನೆಗೆ ಬಂದು, ಊಟ ಮುಗಿಸಿ, ಎರಡೂವರೆಗೆ ನಿಯಮದಂತೆ ಅಡ್ಡಾಗಿದ್ದೆ. ಬಾಗಿಲು ಬಡಿದ ಸದ್ದು. ಆಟೋದಿಂದಿಳಿದ ಈರಣ್ಣನವರು, ಬೆವರಿನಲ್ಲಿ ಮಿಂದು, ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು.

"ಏನ್ರೀ ಬೀಗತಿಯವ್ರ, ನಿಮ್ಮ ಫೋನಿಗೆ ಏನಾಗೇತ್ರಿ? ಎರಡು ತಾಸಿಂದ ಹಚ್ಚಾಕತ್ತೀನಿ, ಬರೇ ಎಂಗೇಜು!"

ಕಂಪ್ಯೂಟರಿನ ಕಡೆ ನೋಡಿದೆ. ಬೆಳಿಗ್ಗೆ ಹಿಡಿದ ಇಂಟರ್ನೆಟ್ಟನ್ನು ನಾನು ಬಿಟ್ಟಿರಲೇ ಇಲ್ಲ. ಅದು ನಮ್ಮ ಫೋನನ್ನು ಕಚ್ಚಿಕೊಂಡೇ ಕುಳಿತಿತ್ತು. ಹೋಗಿ ತಂತಿ ಬಿಡಿಸಿ ಫೋನಿಗೆ ಸಿಕ್ಕಿಸಿದೆ.

"ಕೂತ್ಕೊಳಿ, ಕಾಫಿ ತರ್ತೀನಿ," ಎಂದೆ.

"ಕಾಫಿ ಆಮ್ಯಾಲ ಆಗ್ಲಿ. ಮೊದ್ಲ ಇದನ್ನ ಹೇಳ್ರಿ. ನಾವು ಹತ್ತಕ್ಕ ಮೂರೇ ಮಾರ್ಕ್ಸ್ ತಗೊಳ್ಳೋ ಮಂದಿ ಏನ್ರೀ?" ಅವರ ದನಿ ಏರಿತು. "ನಮ್ಮವ್ವ ಎಂಬತ್ತೆರಡು ವರ್ಷದಿಂದ ನೀಲವ್ವ ಆಗ್ಯಾಳ. ಇವತ್ತ ನೀವು ಆಕಿನ್ನ ನೀಲಮ್ಮ ಮಾಡೀರಿ. ಹುಬ್ಬಳ್ಳಿಯಿಂದ ನಮ್ಮ ಅಕ್ಕ ಫೋನ್ ಮಾಡ್ಯಾಳ. ಇಂಥಾ ಮನಿ ಹುಡುಗಿ ಬ್ಯಾಡ, ಪತ್ರಿಕಾ ಹಾಕ್ಸಬ್ಯಾಡ ಅಂತಾಳ. ಏನ್ ಹೇಳ್ಲಿ ಆಕಿಗೆ?"

ಮುಖ್ಯೋಪಾಧ್ಯಾಯಿನಿ ಅಷ್ಟು ಬೇಗ ಸೋಲುವುದುಂಟೆ? "ನಮ್ಮಣ್ಣನ ಹೆಸರೇ ಇಲ್ವಲ್ಲ ಈರಣ್ಣನವರೇ, ಅದಕ್ಕೇನು ಹೇಳ್ತೀರಿ?"

ಅವರು ಕೈಯಲ್ಲಿದ್ದ ಎರಡು ಹಾಳೆಗಳಲ್ಲಿ ಹಿಂದಿನದನ್ನು ಮುಂದಕ್ಕೆ ತಂದು ಮೇಜಿನ ಮೇಲಿಟ್ಟರು.

ಎರಡನೆಯ ಪುಟ. ಮೇಲುಗಡೆಯೇ, ದಪ್ಪ ಅಕ್ಷರದಲ್ಲಿ, ನಮ್ಮಣ್ಣ ಸಿದ್ಧಲಿಂಗಪ್ಪ. ಅವನ ಕೆಳಗೆ ನಮ್ಮತ್ತಿಗೆ, ನಮ್ಮ ಮೈದುನಂದಿರು, ನಾನು ಮರೆತೇ ಹೋಗಿದ್ದ ಕೋಣನಕುಂಟೆಯ ಚಿಕ್ಕಮ್ಮ. ಎಣಿಸಿದೆ. ಹತ್ತೊಂಬತ್ತು!

"ನಿಮ್ಮವು ಐದು ಹೆಚ್ಚಿಗಿ ಅದಾವ್ರಿ," ಎಂದರು ಈರಣ್ಣನವರು. "ಹೆಣ್ಣು ಕೊಡೋರು, ಇರ್ಲಿ ಅಂತ ನಾವ ಸುಮ್ಮನಿದ್ವಿ."

ನಮ್ಮವರು ಪೇಪರು ಮಡಿಸಿಟ್ಟರು. ಆ ದಿನ ಅದನ್ನು ಪೂರ್ತಿ ಬಿಟ್ಟು ಎದ್ದದ್ದು ಅದೇ ಮೊದಲು. ಹಾಳೆ ನೋಡಿದರು, ನನ್ನನ್ನು ನೋಡಿದರು, "ಎರಡನೇ ಪುಟ ನೋಡ್ಲಿಲ್ವಾ?" ಎಂದರು.

"ಅದು ಕಚೇರಿ ಪ್ರತಿ ಅಂದ್ಕೊಂಡೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪು ನಂದೇ," ಎಂದೆ. "ಎಲ್ಲರಿಗೂ ಬರೆದು ಕಳಿಸ್ತೀನಿ."

"ಹನ್ನೊಂದು ಮಂದಿಗೂ ಹೋಗ್ಬೇಕ್ ನೋಡ್ರಿ."

"ಅದನ್ನೂ ಪಿಡಿಎಫ್ ಮಾಡ್ಸು," ಎಂದರು ನಮ್ಮವರು. "ಆಮೇಲೆ ನೀನೇ ತಿದ್ದೋಕಾಗಬಾರದು."

ನಾಲ್ಕು ಗಂಟೆಗೆ ನಾನು ಮತ್ತು ಈರಣ್ಣನವರು ಮಂಜುಳಾಳ ಅಂಗಡಿಯಲ್ಲಿದ್ದೆವು. ನಾನು ಹೇಳುತ್ತಾ ಹೋದೆ, ಅವಳು ಟೈಪು ಮಾಡುತ್ತಾ ಹೋದಳು. 'ಎರಡನೆಯ ಪುಟವನ್ನು ನೋಡದೆ ಬರೆದೆ. ಹಿರಿಯರಾದ ನೀಲವ್ವನವರ ಹೆಸರನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ಅಂಕಗಳನ್ನು ಹಿಂದಕ್ಕೆ ಪಡೆದಿದ್ದೇನೆ. ಎಲ್ಲರ ಕ್ಷಮೆ ಕೋರುತ್ತೇನೆ.' ಬೆಳಿಗ್ಗೆ ಕಳಿಸಿದ್ದನ್ನು ವಾಪಸು ಕರೆಸಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ.

"ಆಗಲ್ಲ ಮಿಸ್. ಅವರ ಹತ್ರ ಹೋದ ಮೇಲೆ ಹೋದಂಗೇ. ಎಲ್ಲಿ ತೆಗೆದ್ರೂ ಕೆಂಪು ಶಾಯಿ ಹಂಗೇ ಕಾಣ್ಸುತ್ತೆ." ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ನಗು ತಡೆಯುತ್ತಿದ್ದಳೆಂದು ನನಗೆ ಈಗಲೂ ಗುಮಾನಿ.

ನಾಲ್ಕೂ ಮುಕ್ಕಾಲಿಗೆ ಪ್ರೆಸ್ಸಿಗೆ 'ಸರಿ' ಎಂಬ ಎರಡಕ್ಷರ ಹೋಯಿತು. ಕಳಿಸುವ ಮುನ್ನ ಎರಡೂ ಪುಟಗಳನ್ನು ಮೂರು ಸಲ ನೋಡಿದೆ. ಮೂರನೆಯ ಪುಟ ಎಲ್ಲಿಯಾದರೂ ಅಡಗಿದೆಯೇ ಎಂದೂ ಹುಡುಕಿದೆ. ಯಂತ್ರ ನಮ್ಮ ಪತ್ರಿಕೆಗೇ ತಿರುಗಿತೆಂದು ಪ್ರೆಸ್ಸಿನಿಂದ ಉತ್ತರ ಬಂದ ಮೇಲೆ ಈರಣ್ಣನವರು ಮನೆಗೆ ಬಂದು ಕಾಫಿ ಕುಡಿದರು.

ಸಂಜೆ ಆರೂವರೆಗೆ ಫೋನು ಮೊಳಗಿತು. ಹುಬ್ಬಳ್ಳಿಯ ಅಕ್ಕ! ಬೆಳಗಿನ ಕೆಂಪು ಶಾಯಿಯ ಹಾಳೆಯನ್ನು ಅಳಿಯನ ಆಫೀಸಿನಲ್ಲಿ ತೆಗೆಸಿಕೊಂಡಿದ್ದರಂತೆ. ಶನಿವಾರ, ಮಧ್ಯಾಹ್ನಕ್ಕೇ ಆಫೀಸು ಬಾಗಿಲು ಹಾಕಿತ್ತು. ಅವರ ಮನೆಯ ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆಯುವ ಸಾಫ್ಟ್‌ವೇರೇ ಇಲ್ಲ. ಹಾಗಾಗಿ ನನ್ನ ಬೈಗುಳ ಅವರ ಕೈಯಲ್ಲಿತ್ತು, ಕ್ಷಮಾಪಣೆ ಪೆಟ್ಟಿಗೆಯೊಳಗೇ ಉಳಿದಿತ್ತು.

"ಏನೋ ಬರದೀರಂತಲ್ಲ, ಓದಿ ಹೇಳ್ರಿ," ಎಂದರು.

ಎದ್ದು ನಿಂತು ಓದಿದೆ.

"ಇನ್ನೊಮ್ಮೆ ಓದ್ರಿ. ಸ್ವಲ್ಪ ಜೋರಾಗಿ. ನಮ್ಮವ್ವಗ ಕಿವಿ ಮಂದ."

ಓದಿದೆ. ಆ ಕಡೆ ಪಿಸುಮಾತು, ಆಮೇಲೆ ಒಬ್ಬ ಮುದುಕಿಯ ಬೊಚ್ಚುಬಾಯಿ ನಗು.

"ಇನ್ನೊಮ್ಮೆ ಅಂತಾಳ್ರೀ ನಮ್ಮವ್ವ. ಆಕಿ ಹೆಸರು ಬರೋ ಜಾಗಾ ಸಾವಕಾಶ ಓದ್ಬೇಕಂತ."

ಮೂರನೆಯ ಸಲ ಓದಿ ಮುಗಿಸಿದಾಗ ಆರು ಗಂಟೆ ಐವತ್ತು ನಿಮಿಷ. ಆ ದಿನದ ಕೊನೆಯ ಕೆಲಸ ಅದೇ.

"ಛಲೋ ಓದ್ತೀರಿ ಬಿಡ್ರಿ," ಎಂದರು ಅಕ್ಕ. "ಸಾಲಿಯೊಳಗ ಟೀಚರ್ ಆಗಿದ್ರೇನು?"

"ಹೂಂರೀ," ಎಂದೆ. ಮುಖ್ಯೋಪಾಧ್ಯಾಯಿನಿ ಆಗಿದ್ದೆನೆಂದು ಹೇಳುವ ಧೈರ್ಯ ಬರಲಿಲ್ಲ.