ಹೊಗೆ ಮೂಸುವ ಮಾಮಾ

ಇದರಲ್ಲಿ ಒಂದಿಷ್ಟು ನಾನು ತಪ್ಪು ನೆನಪಿಟ್ಟುಕೊಂಡಿರಬಹುದು; ಕಾರಿನ ಬಣ್ಣ, ಯಾರು ಮೊದಲು ನಕ್ಕರು, ಇಂಥವು. ಆದರೆ ಇಡೀ ಮುಂಬಯಿಯಲ್ಲಿ ಕೆಟ್ಟ ಗಾಳಿಯನ್ನು ಹುಡುಕಿಕೊಂಡು ಹೋಗಿ ಕುಡಿಯುವವರು ನನ್ನ ಸೋದರಮಾವ ಒಬ್ಬರೇ ಎಂಬುದರಲ್ಲಿ ಅನುಮಾನವಿಲ್ಲ!

ಗದಗ ಬಿಟ್ಟು ಬಂದು ಬೈಕುಲ್ಲಾದಲ್ಲಿ ಗ್ಯಾರೇಜ್ ಇಟ್ಟವರು ಮಾಮಾ. ಬಾನೆಟ್ ಎತ್ತಿ ನೋಡುವುದು ಅವರ ಪ್ರಕಾರ ಕೆಲಸ ಬಾರದವರ ಲಕ್ಷಣ. ಎಂಜಿನ್ ಚಾಲೂ ಮಾಡಿಸಿ, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಸೈಲೆನ್ಸರಿನ ಹೊಗೆಯನ್ನು ಮಲ್ಲಿಗೆ ದಂಡೆಯಂತೆ ಮೂಸುತ್ತಿದ್ದರು. "ಆಯಿಲ್ ಸುಡಾಕತ್ತೈತಿ. ಪಿಸ್ಟನ್ ರಿಂಗ್ ಹೋಗ್ಯಾವ." ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತಿದ್ದವು!

ನನ್ನನ್ನು ನೋಡಲು ಬೊರಿವಲಿಯಿಂದ ಗಂಡಿನವರು ಮಾಟುಂಗದ ನಮ್ಮ ಮನೆಗೆ ಬಂದಿದ್ದರು. ಮಾಮಾ ಗಂಡಿನ ಮುಖವನ್ನೇ ನೋಡಲಿಲ್ಲ. ಕೆಳಗೆ ಕಾರು ನಿಲ್ಲಿಸುವಾಗಲೇ ಅದರ ಹಿಂಭಾಗ ಮೂಸಿ, ನೆಟ್ಟಗೆ ಅಡುಗೆಮನೆಗೆ ಬಂದರು.

"ಅಕ್ಕಾ, ಈ ಸಂಬಂಧ ಬ್ಯಾಡ. ಪೆಟ್ರೋಲಿನ್ಯಾಗ ಸೀಮೆಎಣ್ಣಿ ಬೆರಿಸ್ಯಾರ. ಗಾಡಿಗೇ ಹಿಂಥಾದ್ದು ಕುಡಸೋ ಮಂದಿ ನಾಳೆ ಸೊಸಿಗೆ ಏನ್ ಕುಡಸ್ಯಾರು?"

ಸಂಬಂಧ ಮುರಿಯಿತು. ಜಾತಕ ಕೂಡಲಿಲ್ಲ, ಅಷ್ಟೇ ಎಂದು ಅವ್ವ ಈಗ ಹೇಳುತ್ತಾಳೆ. ಯಾವುದು ನಿಜ? ನನಗೆ ಹಿಡಿಸಿದ್ದನ್ನು ನಾನು ನೆನಪು ಎಂದು ಕರೆಯುತ್ತಿದ್ದೇನೋ ಏನೋ!

ಎರಡು ವರ್ಷದಿಂದ ಮಾಮಾಗೆ ಕೆಮ್ಮು. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು, ಬದುಕಬೇಕಿದ್ದರೆ ಗ್ಯಾರೇಜ್ ಬಿಡಿ ಎಂದರು.

"ಮೂಗು ಚಾಲೂ ಇರೂತನಕ ಗ್ಯಾರೇಜ್ ಚಾಲೂ. ಮೂಗು ಬಂದ್ ಆದ ದಿನಾನ ಬೀಗ ಹಾಕತೀನಿ. ಮಾತಂದ್ರ ಮಾತು!" ಎಂದರು ಮಾಮಾ.

ಓದಿದವಳಲ್ಲವೇ, ನಾನು ಭಾಷಣ ಬಿಗಿದೆ. ಮುಂದೆ ಜಗತ್ತಿನ ಗಾಡಿಗಳೆಲ್ಲ ಬ್ಯಾಟರಿಯವಾಗುತ್ತವೆ, ಹೊಗೆಯೇ ಇರುವುದಿಲ್ಲ, ಆಗ ಈ ಮೂಗಿಗೇನು ಕೆಲಸ ಎಂದೆ.

"ಚಸ್ಮಾ ಇಡಾಕರ ಬೇಕಲ್ಲವ್ವಾ!" ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ ಹೇಳಿದರು: "ಶ್ರೀಮಂತರು ಹೊಸಾ ಗಾಡಿ ತಗೋತಾರ. ಹಳೇವು ಎಲ್ಲಿ ಹೋಗತಾವ? ಬಡವರ ಊರಿಗೆ. ಅಲ್ಲಿಂದ ಇನ್ನೂ ಬಡವರ ದೇಶಕ್ಕ. ಹೊಗಿ ಸಾಯಂಗಿಲ್ಲ, ಖೋಲಿ ಬದಲಿ ಮಾಡತೈತಿ."



ಕಳೆದ ವಾರ ಡಾಕ್ಟರನ್ನು ಕಂಡು ಬರುವಾಗ, ಬೈಕುಲ್ಲಾದ ಸ್ಟಾಪಿನಲ್ಲಿ ಹೊಸ ಎಲೆಕ್ಟ್ರಿಕ್ ಬಸ್ಸೊಂದು ನಿಂತಿತು. ಮಾಮಾ ಬಿಡುತ್ತಾರೆಯೇ? ಹಿಂದೆ ಹೋಗಿ, ಕಣ್ಣು ಮುಚ್ಚಿ ಕೂತೇಬಿಟ್ಟರು! "ಅಹೋ ಕಾಕಾ, ಕಾಯ್ ಹರವಲಂ?" ಏನು ಕಳೆದುಕೊಂಡಿರಿ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೂಗಿದ. ಜನ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಹಳೆಯ ಡೀಸೆಲ್ ಟೆಂಪೊ ಒಂದು ಹಾರ್ನುಗಳ ಗದ್ದಲದ ನಡುವೆ ನಮ್ಮ ಪಕ್ಕದಿಂದ ಮುಂದೆ ನುಗ್ಗಿ, ಮುಖಕ್ಕೇ ಕರಿ ಹೊಗೆ ಉಗುಳಿತು. ನಾನು ಓಢಣಿಯಲ್ಲಿ ಮೂಗು ಮುಚ್ಚಿಕೊಂಡೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು.

ಆ ಹೊಗೆಯ ನಡುವೆ ಮಾಮಾ ಮುಚ್ಚಿದ ಕಣ್ಣು ತೆರೆಯದೆಯೇ ಎದೆ ತುಂಬ ಉಸಿರೆಳೆದುಕೊಂಡರು.

"ನೀ ಹೇಳಿದ್ದು ಖರೇ ಐತವ್ವಾ. ಏನೇನೂ ವಾಸನಿ ಇಲ್ಲ. ಎಷ್ಟ್ ಸ್ವಚ್ಛ ಹವಾ!"

ನನ್ನ ನಗು ಅಲ್ಲೇ ನಿಂತಿತು. ಕೈ ಹಿಡಿದು ಎಬ್ಬಿಸಿದೆ. ಅಷ್ಟು ಹಗುರಾಗಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಆ ಕೈ ಬಿಡದೆ ಕೇಳಿದೆ:

"ಮಾಮಾ, ನಿಮಗ ವಾಸನಿ ಬರೂದು ನಿಂತು ಎಷ್ಟು ದಿನ ಆತು?"