ತೊಂಬತ್ತಾರು ಹಲ್ಲಿನ ಟೈಮರಿಗೆ

ಹಿತ್ತಿಲ ಪಂಪ್ ಮನೆಯ ಗೋಡೆಯ ಮೇಲೆ ಮೂರು ಮೊಳೆಗಳ ಆಧಾರದಿಂದ ವಿರಾಜಮಾನರಾಗಿರುವ, ಈಜುಕೊಳದ ಫಿಲ್ಟರನ್ನು ಎಬ್ಬಿಸುವ ಹಾಗೂ ಮಲಗಿಸುವ ಸರ್ವಾಧಿಕಾರವುಳ್ಳ ಟೈಮರ್ ಮಹಾಶಯರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಬಿಲ್ಲೆ ಸದಾ ಸುಗಮವಾಗಿ ತಿರುಗುತ್ತಿರಲಿ, ತಮ್ಮ ಪೆಟ್ಟಿಗೆಯೊಳಗೆ ಇರುವೆಗಳು ಸಂಸಾರ ಹೂಡದಿರಲಿ ಎಂದು ಮನಸಾರೆ ಹಾರೈಸುತ್ತಾ, ಈ ಮನೆಯ ಬಾಡಿಗೆದಾರನೂ, ಮಾವನವರ ಬಲಮಂಡಿಯ ಹಿತಚಿಂತಕನೂ, ವೃತ್ತಿಯಿಂದ ಭೂಗೋಳದ ಮೇಷ್ಟ್ರೂ ಆದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ಮಾನವನ್ನು ನೀರುಪಾಲು ಮಾಡಿದ್ದೀರಿ, ಮತ್ತು ಆ ನೀರು ಹಸಿರಾಗಿದೆ.

ತಮಗೆ ತಿಳಿದಿರಲಿಕ್ಕಿಲ್ಲ, ಇಪ್ಪತ್ತೆರಡು ವರ್ಷಗಳಿಂದ ನಮ್ಮ ಶಾಲೆಯ ವೇಳಾಪಟ್ಟಿ ಹಾಕುತ್ತಿರುವವನು ನಾನು. ಮೂವತ್ತೊಂದು ಮಂದಿ ಶಿಕ್ಷಕರು, ಹದಿನೆಂಟು ತರಗತಿ, ಒಂದೇ ಪ್ರಯೋಗಾಲಯ, ಕೊನೆಯ ಪೀರಿಯಡ್ಡಿನಲ್ಲಿ ಲೆಕ್ಕ ತಲೆಗೆ ಹತ್ತುವುದಿಲ್ಲವೆನ್ನುವ ಗಣಿತದವರು, ಮೊದಲ ಪೀರಿಯಡ್ಡಿನಲ್ಲಿ ಮೈ ಬಗ್ಗುವುದಿಲ್ಲವೆನ್ನುವ ವ್ಯಾಯಾಮದವರು, ಇವರೆಲ್ಲರನ್ನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಒಂದೇ ಹಾಳೆಯಲ್ಲಿ ಕೂರಿಸಿದವನಿಗೆ, ಒಂದು ಫಿಲ್ಟರಿಗೆ ದಿನಕ್ಕೆ ಎಂಟು ಗಂಟೆ ಹುಡುಕಿಕೊಡುವುದು ಯಾವ ಮಹಾ ಕೆಲಸ ಎಂದು ನಾನೂ ನಂಬಿದ್ದೆ, ಮನೆಯವರನ್ನೂ ನಂಬಿಸಿದ್ದೆ.

ಈಜು ಬಾರದ ನಾವು ನಾಲ್ವರು, ಅಂದರೆ ನಾನು, ನನ್ನ ಹೆಂಡತಿ, ಅವಳ ತಂಗಿ ಮತ್ತು ಅವರ ತಂದೆಯಾದ ಮಾವನವರು, ಈಜುಕೊಳವಿರುವ ಮನೆಗೆ ಬಂದದ್ದೇಕೆ ಎಂದು ತಾವು ಕೇಳಬಹುದು. ನಲವತ್ತು ವರ್ಷ ದರ್ಜಿಯಾಗಿ ದುಡಿದ ಮಾವನವರ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ, ಎದೆಮಟ್ಟದ ನೀರಿನಲ್ಲಿ ದಿನವೂ ಮುಕ್ಕಾಲು ಗಂಟೆ ನಡೆದರೆ ಅದು ಮೊದಲಿನಂತೆ ಮಡಚೀತೆಂದು ಫಿಸಿಯೋಥೆರಪಿಯ ಮೇಡಂ ಹೇಳಿದರು. ಮಂಡಿ ಮಡಚಿದರೆ ಹೊಲಿಗೆ ಯಂತ್ರದ ಪೆಡಲು ತುಳಿಯಬಹುದು. ಪೆಡಲು ತುಳಿದರೆ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರ್ಧಕ್ಕೆ ನಿಂತ ನನ್ನ ಕೋಟಿಗೆ ಎರಡನೆಯ ತೋಳು ಬರುತ್ತದೆ. ಅದನ್ನು ಬೇರೆ ಯಾವ ದರ್ಜಿಯೂ ಮುಟ್ಟಕೂಡದೆಂದು ಮಾವನವರ ಅಪ್ಪಣೆಯಾಗಿದೆ. ಏಳು ತಿಂಗಳಿಂದ ಆ ಒಂಟಿತೋಳಿನ ಕೋಟು ಹಜಾರದ ಬಾಗಿಲ ಹಿಂದೆ ನೇತಾಡುತ್ತಾ ಬಂದವರಿಗೆಲ್ಲ ಅರ್ಧ ನಮಸ್ಕಾರ ಮಾಡುತ್ತಿದೆ. ಮಾವನವರು ಅದರ ಮುಂದೆ ಹಾದುಹೋಗುವಾಗ ಗೋಡೆಯ ಕಡೆ ಮುಖ ತಿರುಗಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನಾನು ತಮ್ಮ ಸೇವೆಯನ್ನು ಬಯಸಿದೆ. ದಿನಕ್ಕೊಂದು ಸುತ್ತು ಬರುವ ತಮ್ಮ ಬಿಲ್ಲೆಯ ಅಂಚಿನಲ್ಲಿ ಕಾಲು ಗಂಟೆಗೆ ಒಂದರಂತೆ ತೊಂಬತ್ತಾರು ಪುಟ್ಟ ಹಲ್ಲುಗಳಿದ್ದು, ಒತ್ತಿದ ಹಲ್ಲಿನ ಹೊತ್ತಿಗೆ ಪಂಪು ಓಡುತ್ತದೆ, ಎತ್ತಿದ ಹಲ್ಲಿನ ಹೊತ್ತಿಗೆ ಸುಮ್ಮನಿರುತ್ತದೆ ಎಂಬುದನ್ನು ಕನ್ನಡಕ ಹಾಕಿಕೊಂಡು ಅಭ್ಯಾಸ ಮಾಡಿದೆ. ಪಂಪು ಓಡುವಾಗ ಮನೆಯಿಡೀ ಗುಂಯ್‌ಗುಡುವುದರಿಂದ ಎಂಟು ಗಂಟೆಗಳನ್ನು ಒಟ್ಟಿಗೆ ಹೇರದೆ, ಬೆಳಗ್ಗೆ ಐದರಿಂದ ಏಳು, ಹತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ನಾಲ್ಕು, ಸಂಜೆ ಐದರಿಂದ ಏಳು ಎಂದು ನ್ಯಾಯವಾಗಿ ಹಂಚಿ, ಮೂವತ್ತೆರಡು ಹಲ್ಲುಗಳನ್ನು ನನ್ನ ಕೈಯಾರೆ ಒತ್ತಿದೆ. ವೇಳಾಪಟ್ಟಿಯ ಒಂದು ಪ್ರತಿಯನ್ನು ಅಡುಗೆಮನೆಯಲ್ಲಿ ಅಂಟಿಸಿದಾಗ ಮನೆಯವರೆಲ್ಲ ತಲೆಯಾಡಿಸಿದರು; ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆದರೆ ಮಾನ್ಯರೇ, ನಾನು ಭಾನುವಾರ ಒತ್ತಿದ ಹಲ್ಲುಗಳು ಸೋಮವಾರ ಸಂಜೆಗೆ ಒಂದನ್ನುಳಿದು ಎಲ್ಲವೂ ಎದ್ದು ನಿಂತಿರುತ್ತಿದ್ದವು. ಹೀಗೆ ಆರು ಭಾನುವಾರ ನಡೆಯಿತು. ಕೊಳ ಮೊದಲು ತಿಳಿಹಸಿರಾಯಿತು, ಆಮೇಲೆ ಶಾಲೆಯ ಕಪ್ಪುಹಲಗೆಯ ಹಸಿರಾಯಿತು, ಕೊನೆಗೆ ಒಂದು ಕಪ್ಪೆ ಬಂದು ಮೆಟ್ಟಿಲ ಮೇಲೆ ಯಜಮಾನನ ಹಾಗೆ ಕುಳಿತು ಒಳಗೆ ಹೋಗುವವರನ್ನು ವಿಚಾರಿಸತೊಡಗಿತು. ಮಾವನವರು ನಡೆದು ಮೇಲೆ ಬಂದರೆ ಎದೆಯವರೆಗೆ ಹಸಿರು ಉಡುಪು ತೊಟ್ಟವರಂತೆ ಕಾಣುತ್ತಿದ್ದರು. ತಳದ ಬಿಳಿ ಟೈಲು ಕಣ್ಣಿಗೆ ಕಾಣುವವರೆಗೆ ನೀರಿಗೆ ಇಳಿಯಕೂಡದೆಂದು ಮೇಡಂ ಕಟ್ಟುನಿಟ್ಟು ಮಾಡಿದ ಮೇಲೆ, ಅವರು ಎರಡು ಬಕೆಟ್ಟುಗಳಲ್ಲಿ ಒಂದೊಂದು ಕಾಲಿಟ್ಟು ನಿಂತಲ್ಲೇ ನಡೆಯಲು ಶುರುಮಾಡಿದರು. ಮುಕ್ಕಾಲು ಗಂಟೆ ನಡೆದು ಅವರು ಎಲ್ಲಿಗೂ ಹೋಗಲಿಲ್ಲ, ಮಂಡಿಯೂ ಮಡಚಲಿಲ್ಲ.

ಕರೆಸಿದ ಮೆಕ್ಯಾನಿಕ್ ತಮ್ಮನ್ನು ಬಿಚ್ಚಿ, ಊದಿ, ಮುಚ್ಚಿ, “ಸಾರ್, ಟೈಮರ್ ಸರಿಯಾಗೇ ಇದೆ, ಒಂದ್ಸಲ ಮನೆಯವರನ್ನ ವಿಚಾರಿಸಿ” ಎಂದು ಹೇಳಿ ಹೋದ. ನನ್ನ ವೇಳಾಪಟ್ಟಿಗೆ ಒಪ್ಪಿ ತಲೆಯಾಡಿಸಿದವರ ಮೇಲೆ ಗೂಬೆ ಕೂರಿಸಲು ಬಂದನೆಂದು ನನಗೆ ಪಿತ್ತ ನೆತ್ತಿಗೇರಿತು. ತಮ್ಮದೇ ಕಿತಾಪತಿ ಎಂದು ಖಚಿತಪಡಿಸಿಕೊಂಡು, ಈ ಪತ್ರದ ಮೊದಲ ಕರಡನ್ನು ಅಂದೇ ಬರೆದೆ. ಯಾರೂ ಮಲಗದ, ಯಾರೂ ಹಾಡದ, ಯಾರೂ ಯೋಚಿಸದ ಇಪ್ಪತ್ತೈದನೆಯ ಗಂಟೆಯೊಂದನ್ನು ತಮ್ಮ ಬಿಲ್ಲೆಯಲ್ಲಿ ಸೃಷ್ಟಿಸಿಕೊಡಬೇಕೆಂದೂ, ಆಗದಿದ್ದರೆ ಕಪ್ಪೆಯನ್ನಾದರೂ ಫಿಲ್ಟರಾಗಿ ನೇಮಿಸಿಕೊಳ್ಳಲು ಶಿಫಾರಸು ಮಾಡಬೇಕೆಂದೂ ಅದರಲ್ಲಿ ವಿನಂತಿಸಿದ್ದೆ. ತಾವು ಎರಡಕ್ಕೂ ಉತ್ತರಿಸದಿದ್ದುದರಿಂದ, ಕಳೆದ ತಿಂಗಳ ಒಂದು ಸೋಮವಾರ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ, ಹಿತ್ತಿಲಲ್ಲಿ ಒಣಹಾಕಿದ ಹಾಸುಹೊದಿಕೆಗಳ ಹಿಂದೆ ಕುರ್ಚಿ ಹಾಕಿಕೊಂಡು ತಮ್ಮ ಮೇಲೆ ಕಣ್ಣಿಟ್ಟು ಕುಳಿತೆ.

ಒಂಬತ್ತೂ ಮುಕ್ಕಾಲಿಗೆ ನನ್ನ ಹೆಂಡತಿ ಬರಿಗಾಲಲ್ಲಿ ಬಂದು, ಆಚೀಚೆ ನೋಡಿ, ಹತ್ತರಿಂದ ಹನ್ನೆರಡರ ಹಲ್ಲುಗಳನ್ನು ಎತ್ತಿ ಹೋದಳು, ಏಕೆಂದರೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ಅವಳ ತಂಗಿ ಆಗ ಮಲಗಿರುತ್ತಾಳೆ. ಒಂದು ಗಂಟೆಗೆ ಆ ತಂಗಿ, ಅಂದರೆ ನನ್ನ ನಾದಿನಿ, ಆಕಳಿಸುತ್ತಾ ಬಂದು ಸಂಜೆಯ ಹಲ್ಲುಗಳನ್ನು ಎತ್ತಿದಳು, ಏಕೆಂದರೆ ಐದರಿಂದ ಏಳರವರೆಗೆ ಅಕ್ಕ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಒಂದೂವರೆಗೆ ಮಾವನವರೇ ಕೋಲೂರಿಕೊಂಡು, ಆ ಮಡಚದ ಕಾಲನ್ನು ಎಳೆದುಕೊಂಡು ಬಂದು, ಮಧ್ಯಾಹ್ನದ ಎಂಟು ಹಲ್ಲುಗಳಲ್ಲಿ ಏಳನ್ನು ಹೆಬ್ಬೆರಳಿನಿಂದ ಎತ್ತಿದರು. ಕೊನೆಯದೊಂದು ಅವರ ಕಣ್ಣಿಗೆ ಬೀಳಲಿಲ್ಲ. ನಮ್ಮ ಕೊಳದ ಇಡೀ ದಿನದ ಶುದ್ಧೀಕರಣ ನಡೆಯುತ್ತಿದ್ದುದು ಆ ಒಂದು ಹಲ್ಲಿನಿಂದ.

ನಾನು ಹೊದಿಕೆ ಸರಿಸಿ ಎದುರು ನಿಂತಾಗ ಮಾವನವರು ಗಾಬರಿಬೀಳಲಿಲ್ಲ. “ನೀವು ಪೇಪರ್ ತಿದ್ದೋ ಹೊತ್ತಲ್ವಾ ಅಳಿಯಂದ್ರೇ, ಸದ್ದಿಗೆ ತಲೆ ಕೆಡಬಾರ್ದು ಅಂತ” ಎಂದರು. ಬೆಳಗಿನ ಶಾಲೆ ಮುಗಿಸಿ ಬಂದ ನಾನು ಎರಡರಿಂದ ನಾಲ್ಕರವರೆಗೆ ಉತ್ತರಪತ್ರಿಕೆಗಳ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತೇನೆಂಬ ಸತ್ಯವನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಬೆಳಗಿನ ಎಂಟು ಹಲ್ಲುಗಳನ್ನು ಪ್ರತಿ ಭಾನುವಾರ ಒತ್ತಿ, ಮನಸ್ಸು ತಡೆಯದೆ ಮರುಗಳಿಗೆಯಲ್ಲೇ ಎತ್ತುತ್ತಿದ್ದವನು ನಾನೇ ಎಂಬುದನ್ನು ಮಾತ್ರ ಒಪ್ಪಿಕೊಂಡೆ. ಮಂಡಿನೋವಿನಲ್ಲಿ ಹೊರಳಾಡುವ ಅವರಿಗೆ ಕಣ್ಣು ಹತ್ತುವುದೇ ಬೆಳಗಿನ ಜಾವ ಎಂದು ನಾನು ತಿಳಿದಿದ್ದೆ; ಅದು ಈ ದೂರಿನ ವ್ಯಾಪ್ತಿಗೆ ಬರುವುದಿಲ್ಲವೆಂದೂ ತಿಳಿದಿದ್ದೆ.

ಅದಕ್ಕೆ ಮಾವನವರು, “ನಲವತ್ತು ವರ್ಷ ಮೆಷಿನ್ ಸದ್ದಲ್ಲಿ ಬದುಕಿದೋನು ನಾನು. ನಿದ್ದೆ ಬರದೇ ಇದ್ದಿದ್ದು ನೋವಿಗಲ್ಲ, ಈ ಮನೆ ಇಷ್ಟೊಂದು ಸುಮ್ನಿರತ್ತಲ್ಲ, ಅದಕ್ಕೆ” ಎಂದರು. ಆಮೇಲೆ ಎಲ್ಲರೂ ಹಿತ್ತಿಲಿಗೆ ಬಂದರು. ಆಸ್ಪತ್ರೆಯ ಟ್ರಾಲಿಗಳ ಸದ್ದಿನ ನಡುವೆಯೇ ನಿದ್ದೆ ಕಲಿತ ನಾದಿನಿಗೆ ಪಂಪಿನ ಸದ್ದು ಕೇಳಿಯೇ ಇರಲಿಲ್ಲ. ಪಂಪು ಓಡಿದ ದಿನ ಶ್ರುತಿ ನಿಲ್ಲದ ಹುಡುಗಿಯೊಬ್ಬಳಿಗೆ ಅದರ ಗುಂಯ್ ಹಿಡಿದು ಶ್ರುತಿ ನಿಂತಿತೆಂದು ಹೆಂಡತಿ ನಾಚಿಕೊಂಡು ಹೇಳಿದಳು. ಯಾರಿಗೂ ತೊಂದರೆ ಕೊಡದ ಸದ್ದಿನಿಂದ ನಾವು ನಾಲ್ವರೂ ಒಬ್ಬರನ್ನೊಬ್ಬರು ಕಾಪಾಡುತ್ತಾ, ಕಾಪಾಡಬೇಕಾದ ಒಂದು ಮಂಡಿಯನ್ನು ಬಕೆಟ್ಟಿಗೆ ಇಳಿಸಿದ್ದೆವು.

ಅಂದಿನಿಂದ ನನ್ನ ಮೊದಲಿನ ವೇಳಾಪಟ್ಟಿಯೇ, ಒಂದು ಹಲ್ಲೂ ಬದಲಾಗದೆ, ಜಾರಿಯಲ್ಲಿದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಒಂಬತ್ತನೆಯ ದಿನ ಬಿಳಿ ಟೈಲು ಕಂಡಿತು, ಕಪ್ಪೆ ಮುನಿಸಿಕೊಂಡು ಪಕ್ಕದ ಮನೆಗೆ ಹೋಯಿತು, ಮಾವನವರು ಬೆಳಗ್ಗೆ ಏಳರವರೆಗೆ ಗೊರಕೆ ಹೊಡೆದು ಏಳೂಕಾಲಿಗೆ ನೀರಿಗೆ ಇಳಿದರು. ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ, ಒಂದು ಹಲ್ಲೂ ಒತ್ತಿರದ ಹೊತ್ತಿನಲ್ಲಿ, ಮನೆಯೊಳಗೆ ಗಡಗಡ ಸದ್ದು ಕೇಳಿ, ತಾವು ಮತ್ತೆ ಹಳೇ ಚಾಳಿ ಶುರುಮಾಡಿದಿರೆಂದು ಸಿಟ್ಟಿನಿಂದ ಇಲ್ಲಿಗೆ ಓಡಿ ಬಂದೆ. ಪಂಪು ತಣ್ಣಗೆ ಮಲಗಿತ್ತು. ಹಿಂದಿರುಗಿ ಹೋಗಿ ನೋಡಿದರೆ ಬಾಗಿಲ ಹಿಂದೆ ಕೋಟು ಇರಲಿಲ್ಲ, ಹೊಲಿಗೆ ಯಂತ್ರದ ಕೆಳಗೆ ಮಾವನವರ ಎರಡೂ ಕಾಲುಗಳು ಪೆಡಲಿನ ಮೇಲಿದ್ದವು.

ಮೊದಲ ಕರಡಿನ ದೂರಿನ ಸಾಲುಗಳನ್ನು ಹಾಗೆಯೇ ಉಳಿಸಿಕೊಂಡು, ಈ ಪತ್ರವನ್ನು ಎರಡು ತೋಳಿನ ಕೋಟು ತೊಟ್ಟು ಬರೆದು, ಎಲ್ಲರೂ ಓದಲೆಂದು ತಮ್ಮ ಪೆಟ್ಟಿಗೆಯ ಮೇಲೆಯೇ ಅಂಟಿಸುತ್ತಿರುವ,

ತಮ್ಮ ವಿಶ್ವಾಸಿ,
ಭೂಗೋಳದ ಮೇಷ್ಟ್ರು

ತಾ.ಕ.: ತಮ್ಮ ಗಡಿಯಾರ ಹದಿನೇಳು ನಿಮಿಷ ಹಿಂದಿದೆ. ಇದನ್ನು ಓದಿದ ಮನೆಯವರು ದಯಮಾಡಿ ಸುಮ್ಮನಿರಬೇಕು. ನಾಲ್ವರೂ ಒಬ್ಬರಿಗೆ ತಿಳಿಯದಂತೆ ಒಬ್ಬರು ಬಂದು ಸರಿಪಡಿಸಿದರೆ ತಾವು ಐವತ್ತೊಂದು ನಿಮಿಷ ಮುಂದಾಗುವಿರಿ. ನನ್ನ ಪಾಲಿನ ಹದಿನೇಳನ್ನು ಈಗಷ್ಟೇ ತಿರುಗಿಸಿದ್ದೇನೆ.